ನೋಟಕ್ಕೆ ಕಟ್ಟಿದ ಬೆಲೆ

ಒಂದು ವಸ್ತುವಿಗೆ ಅದರ ಒಡೆಯನು ಎಷ್ಟು ಬೆಲೆಯನ್ನಾದರೂ ಹೇಳಬಹುದೆ? ಕೊಳ್ಳುವವನು ಒಪ್ಪಿ ಕೊಟ್ಟನೆಂದ ಮಾತ್ರಕ್ಕೆ ಆ ಬೆಲೆ ನ್ಯಾಯವಾದೀತೆ? ಅಕ್ಕಿಬೇಳೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಎಲ್ಲ ಸಮಾಜಗಳೂ ಎಂದೋ ಉತ್ತರ ಹೇಳಿಕೊಂಡಿವೆ. ಬರಗಾಲದಲ್ಲಿ ಧಾನ್ಯವನ್ನು ಕೂಡಿಟ್ಟು ಹತ್ತರಷ್ಟು ಬೆಲೆಗೆ ಮಾರುವವನನ್ನು ಯಾವ ಊರೂ ಸಜ್ಜನನೆಂದು ಕರೆಯುವುದಿಲ್ಲ. ಆದರೆ ಆಟದ ನೋಟ ಅನ್ನವಲ್ಲ; ಅದಿಲ್ಲದೆ ಯಾರೂ ಸಾಯರು. ಹೀಗಿರಲು, ಆಟದ ಟಿಕೇಟು ದುಬಾರಿಯಾಯಿತೆಂದು ಗೊಣಗುವುದು ಬರಿಯ ಹುಡುಗಾಟಿಕೆಯೋ, ಅಥವಾ ಆ ಗೊಣಗಿನಲ್ಲಿ ನ್ಯಾಯದ ಅಂಶವೇನಾದರೂ ಇದೆಯೋ ಎಂಬುದನ್ನು ಇಲ್ಲಿ ವಿಚಾರಿಸಿ ನೋಡೋಣ.

ಈ ವಿಚಾರಕ್ಕೆ ಕೆನಡಾ ದೇಶದ ಐಸ್ ಹಾಕಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಯಲಿನ ಆಟ. ಇದು ಬೇರೆ. ಹೆಪ್ಪುಗಟ್ಟಿದ ನೀರಿನ ಮೇಲೆ, ಉಕ್ಕಿನ ಅಲಗು ಕೂಡಿಸಿದ ಬೂಟುಗಳನ್ನು ತೊಟ್ಟು, ಪಕ್ಷಕ್ಕೆ ಆರಾರು ಜನರಂತೆ ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಕೊಂಡು ಹೋಗುವ ಆಟ. ಚಳಿಗಾಲದಲ್ಲಿ ಕೆರೆಹೊಳೆಗಳು ಕಲ್ಲಿನಂತೆ ಗಟ್ಟಿಯಾಗುವ ಆ ಶೀತಪ್ರದೇಶದಲ್ಲಿ ಇದು ಬಡವರ ಮಕ್ಕಳಿಗೂ ಎಟುಕುವ ವಿನೋದವಾಗಿ ಬೆಳೆಯಿತು. ಚಾವಣಿಯ ಕೆಳಗೆ ಗೊತ್ತಾದ ನಿಯಮಗಳಂತೆ ಇದರ ಪಂದ್ಯ ನಡೆದುದು ಮಾಂಟ್ರಿಯಲ್ ನಗರದಲ್ಲಿ, ೧೮೭೫ನೆಯ ಇಸವಿ ಮಾರ್ಚಿ ೩ರಂದು. ೧೮೯೨ರಲ್ಲಿ ಅಂದಿನ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿಯವರು ಗೆದ್ದ ತಂಡಕ್ಕೆಂದು ಬೆಳ್ಳಿಯ ಬಟ್ಟಲೊಂದನ್ನು ದಾನವಿತ್ತರು. ೧೯೧೭ರಲ್ಲಿ ನ್ಯಾಷನಲ್ ಹಾಕಿ ಲೀಗ್ ಸ್ಥಾಪಿತವಾಯಿತು. ೧೯೯೪ರಲ್ಲಿ ಕೆನಡಾದ ಪಾರ್ಲಿಮೆಂಟು ಕಾನೂನಿನ ಮೂಲಕವೇ ಇದನ್ನು ದೇಶದ ಚಳಿಗಾಲದ ರಾಷ್ಟ್ರೀಯ ಕ್ರೀಡೆಯೆಂದು ಸಾರಿತು. ೨೦೦೨ರಲ್ಲಿ ಹೊರಬಂದ ೫ ಡಾಲರಿನ ನೋಟಿನ ಹಿಂಬದಿಯಲ್ಲಿ ಬಯಲಿನ ಮಂಜುಗಡ್ಡೆಯ ಮೇಲೆ ಹಾಕಿಯಾಡುವ ಮಕ್ಕಳ ಚಿತ್ರವಿತ್ತು. ತಮ್ಮ ಹಣದ ಮೇಲೆಯೇ ಈ ಆಟವನ್ನು ಅಚ್ಚುಹಾಕಿಕೊಂಡ ಜನ ಅವರು. ಆದರೆ ಆ ನೋಟನ್ನು ಹಿಡಿದು ಹೋದವನಿಗೆ ಲೀಗಿನ ಯಾವ ಕ್ರೀಡಾಂಗಣದ ಬಾಗಿಲೂ ತೆರೆಯುತ್ತಿರಲಿಲ್ಲ.

ಟೊರಾಂಟೊ ನಗರದ ಮೇಪಲ್ ಲೀಫ್ಸ್ ತಂಡದ ಕಥೆಯನ್ನೇ ತೆಗೆದುಕೊಳ್ಳೋಣ. ೧೯೩೧ರಲ್ಲಿ, ಜಗತ್ತನ್ನೆಲ್ಲ ಆವರಿಸಿದ್ದ ಆರ್ಥಿಕ ಮುಗ್ಗಟ್ಟಿನ ನಡುವೆ, ಕಾನ್ ಸ್ಮೈತ್ ಎಂಬ ಸಾಹಸಿಯು ಆ ತಂಡಕ್ಕಾಗಿ ಮೇಪಲ್ ಲೀಫ್ ಗಾರ್ಡನ್ಸ್ ಎಂಬ ಮಂದಿರವನ್ನು ಆರು ತಿಂಗಳೊಳಗೆ ಕಟ್ಟಿಸಿದನು. ಕೈಯಲ್ಲಿ ಹಣ ಸಾಲದೆ ಬಂದಾಗ ಕೆಲಸಗಾರರು ತಮ್ಮ ಕೂಲಿಯ ಒಂದು ಭಾಗವನ್ನು ನಗದಿಗೆ ಬದಲಾಗಿ ಷೇರುಗಳಲ್ಲಿ ಪಡೆಯಲು ಒಪ್ಪಿದರು. ಅಂದರೆ ಆ ಗೋಡೆಗಳು ಎದ್ದು ನಿಂತುದು ಗಾರೆಯವರೂ ಬಡಗಿಗಳೂ ಕೊಟ್ಟ ನಂಬಿಕೆಯ ಸಾಲದ ಮೇಲೆ. ಸ್ಮೈತ್ ಸಮಾನತೆಯ ಭಕ್ತನೇನೂ ಅಲ್ಲ. ಮುಂದಿನ ಸಾಲುಗಳ ಪ್ರೇಕ್ಷಕರು ಕೋಟು ಟೈಗಳನ್ನು ಧರಿಸಿ ಬರಬೇಕೆಂದು ಅವನು ಅಪೇಕ್ಷಿಸುತ್ತಿದ್ದನು. ಆದರೂ ಮೇಲಿನ ಅಗ್ಗದ ಸಾಲುಗಳಲ್ಲಿ ಕಾರಖಾನೆಯ ಕೆಲಸಗಾರನಿಗೆ ಜಾಗವಿತ್ತು. ಒಂದೇ ಚಾವಣಿಯ ಕೆಳಗೆ ಎರಡು ವರ್ಗದವರೂ ಒಂದೇ ಗಳಿಗೆಯಲ್ಲಿ ಕೂಗುತ್ತಿದ್ದರು. ಒಳಗೆ ಬರಲಾಗದವರಿಗಾಗಿ ಫಾಸ್ಟರ್ ಹೆವಿಟ್ ಎಂಬವರ ದನಿ ಶನಿವಾರದ ರಾತ್ರಿಗಳಲ್ಲಿ ರೇಡಿಯೋದ ಮೂಲಕ ದೇಶದ ಮೂಲೆಮೂಲೆಗೂ ಹೋಗುತ್ತಿತ್ತು. ಗಾರ್ಡನ್ಸನ್ನು ಕಣ್ಣಿನಿಂದ ಕಾಣದ ಲಕ್ಷಾಂತರ ಮಕ್ಕಳು ಅದನ್ನು ಕಿವಿಯಿಂದ ಕಂಡು ಬೆಳೆದರು.

೧೯೯೯ರ ಫೆಬ್ರವರಿಯಲ್ಲಿ ತಂಡವು ಸುಮಾರು ೧೮,೮೦೦ ಜನ ಹಿಡಿಸುವ ಹೊಸ ಮಂದಿರಕ್ಕೆ ಹೋಯಿತು. ಅಲ್ಲಿ ಊಟದ ಮೇಜುಗಳುಳ್ಳ ಖಾಸಗಿ ಕೋಣೆಗಳೂ, ಕೆಳಗಿನ ಸಾಲುಗಳಲ್ಲಿ ಕಂಪನಿಗಳು ವರ್ಷಕ್ಕೆಂದು ಕೊಂಡಿಟ್ಟ ಆಸನಗಳೂ ಬಂದವು. ೨೦೧೪-೧೫ರ ಋತುವಿನಲ್ಲಿ ಇಡೀ ಲೀಗಿನ ಟಿಕೇಟಿನ ಸರಾಸರಿ ಬೆಲೆ ಸುಮಾರು ೬೨ ಅಮೆರಿಕನ್ ಡಾಲರ್ ಇದ್ದರೆ, ಟೊರಾಂಟೊದಲ್ಲಿ ಅದು ಸುಮಾರು ೧೧೩ ಡಾಲರ್ ಆಗಿತ್ತು. ಆಗ ಒಂಟೇರಿಯೊ ಪ್ರಾಂತದಲ್ಲಿ ಕನಿಷ್ಠ ಕೂಲಿ ಗಂಟೆಗೆ ೧೧ ಕೆನಡಾ ಡಾಲರ್. ಒಬ್ಬನು ಒಂದು ಸಂಜೆ ಕುಳಿತು ನೋಡಬೇಕಾದರೆ ಹತ್ತು ಗಂಟೆಗೂ ಮಿಕ್ಕ ದುಡಿಮೆ. ಹೆಂಡತಿಮಕ್ಕಳೊಡನೆ ನಾಲ್ವರು ಹೋಗಬೇಕಾದರೆ ಒಂದು ವಾರದ ಕೂಲಿಯೂ ಸಾಲದು. ತಂಡದ ಪ್ರತಾಪಕ್ಕೆ ಕೊಟ್ಟ ಬೆಲೆ ಇದೆನ್ನೋಣವೆಂದರೆ ಅದೂ ಅಲ್ಲ. ೧೯೬೭ರ ನಂತರ ೨೦೨೫ರ ವರೆಗಿನ ಯಾವ ಋತುವಿನಲ್ಲಿಯೂ ಆ ತಂಡ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದಿಲ್ಲ.

ಇದರ ಪರಿಣಾಮಗಳು ಎದ್ದು ಕಾಣುವಂತಿವೆ. ವಿರಾಮ ಮುಗಿದು ಆಟ ಮತ್ತೆ ಮೊದಲಾದಾಗ ಕೆಳಗಿನ ದುಬಾರಿ ಆಸನಗಳು ಎಷ್ಟೋ ಹೊತ್ತು ಖಾಲಿಯಾಗಿಯೇ ಇರುವುದನ್ನು ದೂರದರ್ಶನದಲ್ಲಿ ದೇಶವೆಲ್ಲ ನೋಡಿದೆ. ಟಿಕೇಟು ಪಡೆದವರು ಒಳಗಿನ ಉಪಾಹಾರದ ಕೋಣೆಗಳಲ್ಲಿ ವ್ಯಾಪಾರದ ಮಾತಿನಲ್ಲಿರುತ್ತಾರೆ. ಅತ್ತ, ನಿಜವಾಗಿ ಆಟಕ್ಕಾಗಿ ಹಂಬಲಿಸುವವರು ಹೊರಗಿನ ಚೌಕದಲ್ಲಿ ಚಳಿಯಲ್ಲಿ ನಿಂತು ದೊಡ್ಡ ತೆರೆಯ ಮೇಲೆ ಅದೇ ಆಟವನ್ನು ನೋಡುತ್ತಾರೆ. ಇನ್ನೂ ಒಂದು ವಿಚಿತ್ರವುಂಟು. ತಮ್ಮ ಊರಿನ ತಂಡ ಬಫಲೊ ನಗರಕ್ಕೆ ಆಡಲು ಹೋದಾಗ ಟೊರಾಂಟೊದ ಜನ ಸುಮಾರು ೧೬೦ ಕಿಲೋಮೀಟರ್ ಪ್ರಯಾಣಮಾಡಿ, ದೇಶದ ಗಡಿಯನ್ನೇ ದಾಟಿ, ಅಲ್ಲಿ ನೋಡಿ ಬರುತ್ತಾರೆ. ಏಕೆಂದರೆ ಅಲ್ಲಿ ಟಿಕೇಟು ಅಗ್ಗ. ಮನೆಯ ದೇವರನ್ನು ನೋಡಲು ಪರವೂರಿಗೆ ಹೋಗಬೇಕಾದವರ ಸ್ಥಿತಿ ಅದು.

ಈಗ ಪೂರ್ವಪಕ್ಷವನ್ನು ಕೇಳೋಣ. ಅದು ದುರ್ಬಲವಾದುದೇನಲ್ಲ. ಆಸನಗಳು ೧೮,೮೦೦, ನಗರ ಮತ್ತು ಸುತ್ತಣ ಪ್ರದೇಶದ ಜನಸಂಖ್ಯೆ ೬೦ ಲಕ್ಷ ಮೀರಿದುದು. ಏನು ಮಾಡಿದರೂ ಬಹುಪಾಲು ಜನ ಹೊರಗೆ ಉಳಿಯಲೇಬೇಕು. ಬೆಲೆಯನ್ನು ಇಳಿಸಿದರೆ ಆಸನ ಹೆಚ್ಚುವುದಿಲ್ಲ. ಕಾಳಸಂತೆಯವನು ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವನು. ತಂಡಕ್ಕೆ ಬರಬೇಕಾದ ಹಣ ದಳ್ಳಾಳಿಯ ಜೇಬಿಗೆ ಬೀಳುವುದು. ಇದು ಕಲ್ಪನೆಯ ಮಾತಲ್ಲ. ಒಂಟೇರಿಯೊ ಸರ್ಕಾರವು ೨೦೧೭ರಲ್ಲಿ ಮರುಮಾರಾಟದ ಬೆಲೆ ಮೂಲಬೆಲೆಗಿಂತ ನೂರಕ್ಕೆ ೫೦ರಷ್ಟನ್ನು ಮೀರಕೂಡದೆಂದು ಶಾಸನಮಾಡಿತು. ಆ ವಿಧಿ ಜಾರಿಗೆ ಬರುವ ಮೊದಲೇ ತಡೆಯಲ್ಪಟ್ಟು, ೨೦೧೯ರಲ್ಲಿ ತೆಗೆದುಹಾಕಲ್ಪಟ್ಟಿತು. ಮೇಲಾಗಿ, ಯಾರನ್ನೂ ಯಾರೂ ಬಲವಂತವಾಗಿ ಎಳೆದು ತರುವುದಿಲ್ಲ. ಇಷ್ಟವಿದ್ದವನು ಕೊಡಲಿ, ಇಲ್ಲದವನು ಮನೆಯಲ್ಲಿರಲಿ.

ಈ ಕೊನೆಯ ಮಾತಿಗೆ ತತ್ತ್ವಶಾಸ್ತ್ರದ ಬೆಂಬಲವೂ ಉಂಟು. ಅಮೆರಿಕದ ರಾಬರ್ಟ್ ನೋಜಿಕ್ ಎಂಬ ವಿಚಾರವಂತರು ೧೯೭೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟಿಕೇಟಿನದೇ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ವಿಲ್ಟ್ ಚೇಂಬರ್ಲೇನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನನ್ನು ನೋಡಲು ಹತ್ತು ಲಕ್ಷ ಜನ ತಲಾ ೨೫ ಸೆಂಟುಗಳನ್ನು ಸಂತೋಷದಿಂದ ಅವನಿಗೆಂದು ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಋತುವಿನ ಕೊನೆಗೆ ಅವನ ಬಳಿ ಎರಡೂವರೆ ಲಕ್ಷ ಡಾಲರ್ ಸೇರುತ್ತದೆ. ಆರಂಭದಲ್ಲಿ ಎಲ್ಲರ ಬಳಿ ಇದ್ದ ಹಣ ನ್ಯಾಯವಾದುದಾಗಿದ್ದರೆ, ಎಲ್ಲರೂ ತಾವಾಗಿಯೇ ಕೊಟ್ಟಿದ್ದರೆ, ಕೊನೆಯಲ್ಲಿ ಉಂಟಾದ ಅಸಮಾನತೆಯನ್ನು ಅನ್ಯಾಯವೆಂದು ಹೇಗೆ ಕರೆಯುವುದು ಎಂದು ಅವರ ಪ್ರಶ್ನೆ.

ಪ್ರಶ್ನೆ ಚೂಪಾದುದೇ ಸರಿ. ಆದರೆ ಅದು ಕೊಟ್ಟವರ ಮತ್ತು ಪಡೆದವನ ನಡುವಣ ನ್ಯಾಯವನ್ನು ಮಾತ್ರ ನೋಡುತ್ತದೆ. ಹೊರಗೆ ನಿಂತವನನ್ನು ನೋಡುವುದಿಲ್ಲ. ಆಟಗಾರನಿಗೆ ಹಣ ಸಂದಿತೆಂದು ಪ್ರಕೃತ ಯಾರೂ ದೂರುತ್ತಿಲ್ಲ; ಆಟ ಯಾರ ಕಣ್ಣಿಗೆ ಸಲ್ಲಬೇಕೆಂಬುದು ದೂರು. ಅಲ್ಲದೆ, ಆ ಬಾಗಿಲಲ್ಲಿ ಮಾರಾಟವಾಗುತ್ತಿರುವ ಸರಕು ಯಾವುದು, ಅದನ್ನು ತಯಾರಿಸಿದವರು ಯಾರು ಎಂಬುದನ್ನೂ ಕೇಳಬೇಕು. ಆಟಗಾರನ ಚಾತುರ್ಯ ಆಟಗಾರನದು, ಮಂದಿರ ಒಡೆಯನದು. ಇವೆರಡನ್ನೇ ಖಾಲಿ ಊರಿನಲ್ಲಿ ಇಟ್ಟು ನೋಡಿ. ಯಾರೂ ನೂರು ಡಾಲರ್ ಕೊಡಲಾರರು. ಬೆಲೆ ಹುಟ್ಟಿರುವುದು ಮೂರನೆಯ ಒಂದರಿಂದ: ತೊಂಬತ್ತು ವರ್ಷಗಳಿಂದ ತಂದೆ ಮಗನಿಗೆ, ಅಜ್ಜಿ ಮೊಮ್ಮಗಳಿಗೆ ದಾಟಿಸುತ್ತ ಬಂದ ಅಭಿಮಾನದಿಂದ. ಸೋತಾಗಲೂ ಬಿಡದೆ, ಅಡುಗೆಮನೆಯ ರೇಡಿಯೋದ ಮುಂದೆ ಕುಳಿತು ಅದನ್ನು ಕಾಪಾಡಿದವರು ಬಡವರೂ ಮಧ್ಯಮವರ್ಗದವರೂ. ಅವರು ಬೆಳೆಸಿದ ಫಲವನ್ನು ಅವರಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ ಮಾರುವುದೇ ಇಲ್ಲಿರುವ ಅನ್ಯಾಯ. ಬೆಲೆ ದೊಡ್ಡದೆಂಬುದು ಮುಖ್ಯವಲ್ಲ. ಆ ಬೆಲೆಯನ್ನು ಉಂಟುಮಾಡಿದವರನ್ನೇ ಅದು ಹೊರಗಿಡುತ್ತದೆಂಬುದು ಮುಖ್ಯ.

ಹೆಚ್ಚು ಕೊಡುವವನೇ ಹೆಚ್ಚು ಪ್ರೀತಿಸುವವನೆಂಬ ಮಾತೂ ನಿಲ್ಲದು. ಲಕ್ಷ ಉಳ್ಳವನಿಗೆ ನೂರು ಕೊಡುವುದು ಜೇಬಿನ ಚಿಲ್ಲರೆ. ಸಾವಿರ ಉಳ್ಳವನಿಗೆ ಅದು ತಿಂಗಳ ಯೋಚನೆ. ಕೊಡುವ ಶಕ್ತಿ ಬೇರೆ, ಬಯಸುವ ತೀವ್ರತೆ ಬೇರೆ. ಇಷ್ಟೇ ಅಲ್ಲ. ಕೆಳಗಿನ ಸಾಲುಗಳ ಅನೇಕ ಟಿಕೇಟುಗಳನ್ನು ವ್ಯಕ್ತಿಗಳು ಕೊಳ್ಳುವುದಿಲ್ಲ. ಕಂಪನಿಗಳು ಗಿರಾಕಿಗಳ ಸತ್ಕಾರಕ್ಕೆಂದು ಕೊಳ್ಳುತ್ತವೆ. ಕೆನಡಾದ ವರಮಾನ ತೆರಿಗೆಯ ನಿಯಮದಂತೆ ಇಂಥ ಸತ್ಕಾರದ ಖರ್ಚಿನ ಅರ್ಧವನ್ನು ಲಾಭದಿಂದ ಕಳೆದು ತೋರಿಸಬಹುದು. ನೆರೆಯ ಅಮೆರಿಕದಲ್ಲಿಯೂ ಈ ರಿಯಾಯಿತಿಯಿತ್ತು. ೨೦೧೭ರ ತೆರಿಗೆಯ ಕಾನೂನು ಅದನ್ನು ತೆಗೆದುಹಾಕಿತು. ಎಂದರೆ, ಬಾಗಿಲ ಹೊರಗೆ ನಿಂತ ಕೂಲಿಯವನು ಒಳಗೆ ಕುಳಿತ ವ್ಯಾಪಾರಿಯ ಟಿಕೇಟಿನ ಒಂದು ಅಂಶವನ್ನು ತನ್ನ ತೆರಿಗೆಯ ಮೂಲಕ ತಾನೇ ಹೊರುತ್ತಾನೆ. ಇದನ್ನು ಸ್ವತಂತ್ರ ವ್ಯಾಪಾರವೆನ್ನುವುದು ಮಾತಿನ ದುರುಪಯೋಗವೇ ಸರಿ.

ಆಟಗಾರರ ಸಂಬಳ ಏರಿತು, ಅದಕ್ಕಾಗಿ ಬೆಲೆ ಏರಿಸಿದೆವು ಎಂದು ಒಡೆಯರು ಹೇಳುವುದುಂಟು. ಇದು ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದಂತೆ. ಆಸನಗಳ ಸಂಖ್ಯೆ ಗೊತ್ತಾಗಿರುವಾಗ ಒಡೆಯನು ಜನ ಎಷ್ಟು ಕೊಡಬಲ್ಲರೋ ಅಷ್ಟನ್ನು ಕೇಳುತ್ತಾನೆ. ಸಂಬಳ ಕಡಮೆಯಾದರೆ ಅವನ ಲಾಭ ಹೆಚ್ಚುವುದೇ ಹೊರತು ಟಿಕೇಟು ಅಗ್ಗವಾಗುವ ಕಾರಣವಿಲ್ಲ. ೨೦೦೪-೦೫ರಲ್ಲಿ ಒಡೆಯರು ಸಂಬಳಕ್ಕೆ ಮಿತಿ ಬೇಕೆಂದು ಆಟಗಾರರನ್ನು ಹೊರಗಿಟ್ಟು ಇಡೀ ಋತುವನ್ನೇ ರದ್ದುಮಾಡಿದರು. ಆಟಗಾರರು ಮಣಿದರು, ಆಗಿದ್ದ ಕರಾರುಗಳ ಸಂಬಳ ನೂರಕ್ಕೆ ೨೪ರಷ್ಟು ಇಳಿಯಿತು. ಮೊದಲ ವರ್ಷ ಕೆಲವು ತಂಡಗಳು ಬೆಲೆಯನ್ನು ಸ್ವಲ್ಪ ಇಳಿಸಿದವು. ಆದರೆ ಕೆಲವೇ ವರ್ಷಗಳಲ್ಲಿ ಲೀಗಿನ ಸರಾಸರಿ ಬೆಲೆ ಹಿಂದಿನ ಮಟ್ಟವನ್ನೂ ಮೀರಿ ಹೋಯಿತು.

ಹಾಗಾದರೆ ಒಡೆಯನೊಬ್ಬನೇ ಖಳನೆಂದು ತೀರ್ಮಾನಿಸಿ ಕೈತೊಳೆದುಕೊಳ್ಳಬಹುದೆ? ಅದೂ ಸುಲಭವಲ್ಲ. ಮೇಪಲ್ ಲೀಫ್ಸ್ ತಂಡದ ದೊಡ್ಡ ಪಾಲು ಬಹುಕಾಲ ಇದ್ದುದು ಯಾವ ಕೋಟ್ಯಧೀಶನ ಕೈಯಲ್ಲಿಯೂ ಅಲ್ಲ. ಒಂಟೇರಿಯೊದ ಶಾಲಾ ಉಪಾಧ್ಯಾಯರ ನಿವೃತ್ತಿವೇತನ ನಿಧಿಯ ಕೈಯಲ್ಲಿ. ೨೦೧೨ರಲ್ಲಿ ಆ ನಿಧಿಯು ತನ್ನ ಪಾಲನ್ನು ಸುಮಾರು ೧೩೨ ಕೋಟಿ ಡಾಲರಿಗೆ ರೋಜರ್ಸ್ ಮತ್ತು ಬೆಲ್ ಎಂಬ ದೂರವಾಣಿ ಸಂಸ್ಥೆಗಳಿಗೆ ಮಾರಿತು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ದಣಿದ ಉಪಾಧ್ಯಾಯಿನಿಯ ಮುಪ್ಪಿನ ಅನ್ನಕ್ಕೆ ಈ ದುಬಾರಿ ಟಿಕೇಟೂ ಒಂದಿಷ್ಟು ತುಪ್ಪ ಬಡಿಸಿದೆ; ತನ್ನ ಸಂಬಳದಲ್ಲಿ ಅದೇ ಆಟವನ್ನು ನೋಡಲು ಅವಳಿಗೆ ಸಾಧ್ಯವಾಗಿರಲಿಕ್ಕಿಲ್ಲ. ಇಲ್ಲಿ ಲೋಭಿಯೆಂದು ಬೆರಳುಮಾಡಿ ತೋರಿಸಲು ಒಬ್ಬ ಮನುಷ್ಯನಿಲ್ಲ. ನಿಧಿಯ ಆಡಳಿತಗಾರನು ಪಿಂಚಣಿದಾರರಿಗೆ ನಿಷ್ಠನಾಗಿದ್ದನು. ಅವನ ನಿಷ್ಠೆಯೇ ಬೆಲೆಯನ್ನು ಮೇಲಕ್ಕೆ ತಳ್ಳುತ್ತಿತ್ತು. ಎಲ್ಲರೂ ತಮ್ಮ ತಮ್ಮ ಕರ್ತವ್ಯವನ್ನು ಮಾಡಿದರೂ ಒಟ್ಟಿನಲ್ಲಿ ಅನ್ಯಾಯ ಉಂಟಾಗಬಹುದೆಂಬುದು ನಮ್ಮ ಕಾಲದ ಆರ್ಥಿಕ ವ್ಯವಸ್ಥೆ ಕಲಿಸುವ ಕಹಿಪಾಠ.

ಅಭಿಮಾನಿಗಳ ಪಾತ್ರವನ್ನೂ ಮರೆಯಲಾಗದು. ಬಿಟ್ಟುಹೋಗಲಾರದ ಪ್ರೀತಿಗೆ ಎಷ್ಟು ಬೆಲೆಯನ್ನಾದರೂ ಹಾಕಬಹುದು. ಅಂಗಡಿಯವನು ಹೆಚ್ಚು ಕೇಳಿದರೆ ಬೇರೆ ಅಂಗಡಿಗೆ ಹೋಗುತ್ತೇವೆ. ತನ್ನ ಊರಿನ ತಂಡವನ್ನು ಬಿಟ್ಟು ಬೇರೆ ತಂಡಕ್ಕೆ ಹೋಗುವ ಅಭಿಮಾನಿ ಅಭಿಮಾನಿಯೇ ಅಲ್ಲ. ವಿನಿಪೆಗ್ ನಗರದವರ ಅನುಭವ ಇದಕ್ಕೆ ಸಾಕ್ಷಿ. ೧೯೯೬ರಲ್ಲಿ ಅವರ ಜೆಟ್ಸ್ ತಂಡ ಹಣ ಸಾಲದೆ ಅಮೆರಿಕದ ಫೀನಿಕ್ಸಿಗೆ ಹೊರಟುಹೋಯಿತು. ಹದಿನೈದು ವರ್ಷಗಳ ಮೇಲೆ, ೨೦೧೧ರಲ್ಲಿ, ಅಟ್ಲಾಂಟದ ತಂಡವು ಅಲ್ಲಿಗೆ ಬಂದಾಗ, ೧೩,೦೦೦ ವಾರ್ಷಿಕ ಟಿಕೇಟುಗಳ ಮಾರಾಟ ಸಾರ್ವಜನಿಕರಿಗೆ ತೆರೆದ ದಿನ ನಿಮಿಷಗಳಲ್ಲಿ ಮುಗಿಯಿತು. ಆ ಉತ್ಸಾಹದಲ್ಲಿ ಸಂತೋಷ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು: ಕೊಳ್ಳದಿದ್ದರೆ ಮತ್ತೆ ಹೋದೀತೆಂಬ ಭಯ. ೨೦೨೩ರ ಹೊತ್ತಿಗೆ ವಾರ್ಷಿಕ ಟಿಕೇಟುಗಳು ಬಹಳ ಇಳಿದವು. ಕೊಳ್ಳಿರೆಂದು ಊರಿಗೆ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಅಗಲಿಕೆಯ ಅಂಜಿಕೆಯಿಂದ ಕೊಟ್ಟ ಹಣವನ್ನು ತಾನಾಗಿ ಕೊಟ್ಟುದೆಂದು ಲೆಕ್ಕಹಾಕುವಾಗ ನೋಜಿಕ್ ಅವರ ದೃಷ್ಟಾಂತದ ಸರಳತೆ ಉಳಿಯುವುದಿಲ್ಲ.

ಪ್ರೀತಿಯಿಂದಲೇ ಪ್ರತಿಭಟಿಸುವ ದಾರಿಯೂ ಉಂಟು. ೨೦೧೬ರ ಫೆಬ್ರವರಿ ೬ರಂದು ಇಂಗ್ಲೆಂಡಿನ ಲಿವರ್‌ಪೂಲ್ ಕಾಲ್ಚೆಂಡಾಟದ ಸಂಘದ ಅಭಿಮಾನಿಗಳು, ೭೭ ಪೌಂಡಿನ ಹೊಸ ಟಿಕೇಟನ್ನು ವಿರೋಧಿಸಿ, ಆಟದ ೭೭ನೆಯ ನಿಮಿಷಕ್ಕೆ ಸಾವಿರಾರು ಸಂಖ್ಯೆಯಲ್ಲಿ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಒಡೆಯರು ಕ್ಷಮೆ ಬೇಡಿ ಆ ಏರಿಕೆಯನ್ನು ಹಿಂತೆಗೆದುಕೊಂಡರು. ಅದೇ ಒಡೆಯರ ಕಂಪನಿಯೇ ೨೦೨೧ರಲ್ಲಿ ಪಿಟ್ಸ್‌ಬರ್ಗ್ ನಗರದ ಐಸ್ ಹಾಕಿ ತಂಡವನ್ನು ಕೊಂಡಿತೆಂಬುದು ಇಲ್ಲಿ ಸ್ಮರಣೀಯ. ಟಿಕೇಟು ಕೊಳ್ಳಬಲ್ಲವರು, ಕೊಳ್ಳಲಾರದವರ ಪರವಾಗಿ ಎದ್ದು ನಡೆದಾಗ ಮಾತ್ರ ಇಂಥದು ಫಲಿಸುತ್ತದೆ. ಹೊರಗಿರುವವನ ಕೂಗು ಗಾಜಿನ ಗೋಡೆಯನ್ನು ದಾಟದು. ಒಳಗಿರುವವನ ಮೌನ ದಾಟುತ್ತದೆ.

ಹಾಗೆಂದರೆ ಆಸನಗಳನ್ನು ಹಂಚುವ ನ್ಯಾಯವಾದ ಕ್ರಮ ಯಾವುದು? ಸರದಿಯ ಸಾಲಿನಲ್ಲಿ ನಿಂತವನಿಗೆ ಮೊದಲೆಂದರೆ, ಕಾಲವೆಂಬುದು ಎಲ್ಲರಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆಯಾದುದರಿಂದ, ಹಣಕ್ಕಿಂತ ಅದು ಸಮಾನವಾದ ನಾಣ್ಯ. ಆದರೆ ರಾತ್ರಿಪಾಳಿಯ ದಾದಿಗೆ ಸಾಲಿನಲ್ಲಿ ನಿಲ್ಲಲು ಬಿಡುವೆಲ್ಲಿ? ಚೀಟಿಯೆತ್ತಿದರೆ ಎಲ್ಲರಿಗೂ ಸಮಾನ ಅವಕಾಶವುಂಟು. ಆದರೆ ಅಭಿಮಾನಿಗೂ ಉದಾಸೀನನಿಗೂ ಅದು ಭೇದವೆಣಿಸದು. ಒಂದೇ ಕ್ರಮ ಸಾಲದು. ಆಸನಗಳ ಒಂದು ಭಾಗ ಪೇಟೆಯ ಬೆಲೆಗೆ ಹೋಗಲಿ. ಒಂದು ಭಾಗವನ್ನು ಕೂಲಿಯವನಿಗೆ ಎಟುಕುವ ಬೆಲೆಯಲ್ಲಿ, ಮರುಮಾರಾಟಕ್ಕೆ ಸಲ್ಲದಂತೆ ಹೆಸರಿಗೆ ಬರೆದು, ಚೀಟಿಯ ಮೂಲಕ ಕೊಡಲಿ. ಇದರಿಂದ ಕಾಳಸಂತೆಯವನ ವಾದವೂ ಬಿದ್ದುಹೋಗುತ್ತದೆ. ಲಾಭ ಸ್ವಲ್ಪ ಇಳಿದೀತು. ಆದರೆ ಆ ಇಳಿತವು ದಾನವಲ್ಲ, ಸಾಲದ ಬಡ್ಡಿ. ಒಂಟೇರಿಯೊದಲ್ಲಿಯೇ ಕಿಚನರ್ ಎಂಬ ನಗರದ ಕಿರಿಯರ ತಂಡ ವಾರ್ಷಿಕ ಟಿಕೇಟುದಾರರ ಒಡೆತನದಲ್ಲಿ ನಡೆದುಬಂದಿದೆ. ನೋಡುವವರೇ ಆಡಳಿತ ಮಂಡಲಿಯನ್ನು ಆರಿಸುತ್ತಾರೆ. ಆದುದರಿಂದ ಇದು ಅಸಾಧ್ಯವಾದ ಕನಸೆಂದು ಹೇಳುವಂತಿಲ್ಲ.

ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತರೆ ಆಟ ಇನ್ನೂ ಚೆನ್ನಾಗಿ ಕಾಣುವುದಲ್ಲವೆ, ನಷ್ಟವೇನು, ಎಂದು ಕೆಲವರು ಕೇಳಿಯಾರು. ಆಟ ಕಾಣುವುದು ನಿಜ. ಆದರೆ ಮಂದಿರಕ್ಕೆ ಹೋಗುವವನು ಆಟವನ್ನು ನೋಡಲು ಮಾತ್ರ ಹೋಗುವುದಿಲ್ಲ. ಕೂಡಿ ನೋಡಲು ಹೋಗುತ್ತಾನೆ. ಹೆಸರು ತಿಳಿಯದ ಪಕ್ಕದವನ ಹೆಗಲನ್ನು ಹಿಡಿದು ಕುಣಿಯುವ ಒಂದು ಗಳಿಗೆಯಲ್ಲಿ ಊರೆಂಬುದು ಬರಿಯ ವಿಳಾಸವಾಗಿರದೆ ಅನುಭವವಾಗುತ್ತದೆ. ಯಜಮಾನನೂ ಆಳೂ ಒಂದೇ ಸೋಲಿಗೆ ನಿಟ್ಟುಸಿರುಬಿಡುವ ಸ್ಥಳಗಳು ಆಧುನಿಕ ನಗರಗಳಲ್ಲಿ ಬಹಳವಿಲ್ಲ. ಹಾರ್ವರ್ಡಿನ ಪ್ರಾಧ್ಯಾಪಕ ಮೈಕೇಲ್ ಸ್ಯಾಂಡಲ್ ಅವರು ೨೦೧೨ರ ತಮ್ಮ ಗ್ರಂಥದಲ್ಲಿ ಕ್ರೀಡಾಂಗಣದ ಖಾಸಗಿ ಕೋಣೆಗಳನ್ನು ಕುರಿತು ಇದೇ ಆತಂಕವನ್ನು ತೋಡಿಕೊಂಡಿದ್ದಾರೆ: ಉಳ್ಳವರೂ ಇಲ್ಲದವರೂ ಒಬ್ಬರನ್ನೊಬ್ಬರು ಸಂಧಿಸದೆ ಬಾಳತೊಡಗಿದರೆ ಪ್ರಜಾಪ್ರಭುತ್ವದ ಬೇರು ಸಡಿಲುವುದೆಂದು ಅವರ ಅಭಿಪ್ರಾಯ. ಇದು ಸಾಧುವಾದ ಮಾತೆಂದೇ ನಾವೂ ಎಣಿಸುತ್ತೇವೆ.

ಹಳೆಯ ಗಾರ್ಡನ್ಸ್ ಮಂದಿರದ ಕೆಳಭಾಗದಲ್ಲಿ ೨೦೧೧ರಲ್ಲಿ ದಿನಸಿಯ ಅಂಗಡಿ ತೆರೆಯಿತು. ಮೇಲ್ಭಾಗದಲ್ಲಿ ವಿಶ್ವವಿದ್ಯಾಲಯವೊಂದು ಸಣ್ಣ ಹಾಕಿ ಅಂಗಳವನ್ನು ಉಳಿಸಿಕೊಂಡಿತು. ೨೦೨೪ರ ಜನವರಿ ೧ರಂದು ಮಹಿಳೆಯರ ಹೊಸ ವೃತ್ತಿಪರ ಲೀಗಿನ ಮೊದಲನೆಯ ಪಂದ್ಯ ನಡೆದುದು ಅಲ್ಲಿಯೇ. ಅದೇ ವರ್ಷದ ಏಪ್ರಿಲ್ ೨೦ರಂದು ಮಾಂಟ್ರಿಯಲಿನಲ್ಲಿ ಆ ಲೀಗಿನ ಒಂದು ಪಂದ್ಯಕ್ಕೆ ೨೧,೧೦೫ ಜನ ನೆರೆದರು. ಹೊಸ ಲೀಗಿಗೆ ಹಳೆಯ ಅಭಿಮಾನದ ಬಂಡವಾಳವಿಲ್ಲ. ಜನರನ್ನು ಬಾಗಿಲೊಳಕ್ಕೆ ಕರೆದೇ ಅದು ಬೆಳೆಯಬೇಕು. ಬೆಳೆದಮೇಲೆ ಅದೂ ತನ್ನನ್ನು ಬೆಳೆಸಿದವರಿಗೆ ಬಾಗಿಲು ಮುಚ್ಚುವುದೋ, ಇಲ್ಲವೋ, ಕಾದು ನೋಡಬೇಕು.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು. ಆಟದ ನೋಟ ಅನ್ನದಂತೆ ಹಕ್ಕಲ್ಲ; ಆದುದರಿಂದ ಅದನ್ನು ಮಾರುವುದು ಪಾಪವಲ್ಲ. ಆದರೆ ಜನರ ಪ್ರೀತಿಯಿಂದ ಬೆಲೆಬಾಳುವಂತಾದುದು ಬರಿಯ ಸರಕೂ ಅಲ್ಲ. ಅದರ ಒಡೆತನದಲ್ಲಿ ಧರ್ಮದರ್ಶಿಯ ಹೊಣೆಯೂ ಸೇರಿದೆ. ಆ ಹೊಣೆಯನ್ನು ಮರೆತವನು ಕಾನೂನಿನ ಕಣ್ಣಿಗೆ ನಿರ್ದೋಷಿಯಾಗಿಯೇ ಇದ್ದಾನು. ಆದರೆ ದೂರದ ಸಾಲಿನ ಅಗ್ಗದ ಆಸನದಲ್ಲಿ ಅಪ್ಪನ ಪಕ್ಕ ಕುಳಿತು ಬೆರಗಾಗಬಹುದಾಗಿದ್ದ ಮಗುವಿಗೆ ಆ ಬೆರಗು ತಪ್ಪಿದರೆ, ನಾಳೆ ಅದು ತನ್ನ ಮಗುವಿಗೆ ದಾಟಿಸುವ ಅಭಿಮಾನವೂ ಇರದು. ಆಗ ಒಡೆಯನ ಕೈಯಲ್ಲಿ ಉಳಿಯುವುದು ಮಂದಿರ, ಮಂಜುಗಡ್ಡೆ, ಆಸನಗಳು. ಅವಕ್ಕೆ ಯಾರು ಎಷ್ಟು ಕೊಟ್ಟಾರೆಂಬುದನ್ನು ಅವನೇ ಲೆಕ್ಕಹಾಕಿ ನೋಡಲಿ.